ಹರದನಹಳ್ಳಿಯ ರಾಮಣ್ಣ ಓಡಿಹೋದ ದಾರಿ

ನನ್ನ ಹೆಸರು ಪ್ರಿಯಂವದಾ, ತಂದೆ ನಂಜುಂಡಯ್ಯ, ವಯಸ್ಸು 31 ವರ್ಷ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ, ವಾಸ ಕೋಟೆ ಬೀದಿ, ಹೊಳೆನರಸೀಪುರ ಟೌನ್. ಹರದನಹಳ್ಳಿ ವಾಸಿ ರಾಮಣ್ಣ, ಸುಮಾರು 40 ವರ್ಷ, ವ್ಯವಸಾಯ, ಇವರು ಕಾಣೆಯಾಗಿರುವ ವಿಷಯದಲ್ಲಿ ದಿನಾಂಕ 23-11-2004ರಂದು ಬೆಳಿಗ್ಗೆ 11-00 ಗಂಟೆಗೆ ಠಾಣೆಗೆ ಖುದ್ದಾಗಿ ಹಾಜರಾಗಿ ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ತಂಗಿ ತನ್ಮಯಿ 1999ರಲ್ಲಿ ತನ್ನ 17ನೇ ವಯಸ್ಸಿನಲ್ಲಿ ಸ್ನಾಯು ಸವೆಯುವ ಕಾಯಿಲೆಯಿಂದ ತೀರಿಕೊಂಡಳು. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು ಹೋಯಿತು. ಈ ಕಾಯಿಲೆಗೆ ಔಷಧಿ ಇಲ್ಲ. ಔಷಧಿ ಹುಡುಕುವ ಸಂಶೋಧನೆಗೆ ಹಣ ಕೂಡಿಸಲು 2001ರಿಂದ ಪ್ರತಿ ವರ್ಷ ನವೆಂಬರ್‌ನಲ್ಲಿ ನಾನು ಮತ್ತು ದೈಹಿಕ ಶಿಕ್ಷಕರಾದ ದೇವರಾಜ್ ಸೇರಿ ಓಟದ ಸ್ಪರ್ಧೆ ನಡೆಸುತ್ತಿದ್ದೇವೆ. ಕಾಲೇಜು ಮೈದಾನದಿಂದ ಅರಕಲಗೂಡು ರಸ್ತೆಯಲ್ಲಿ 6 ಕಿ.ಮೀ. ಹೋಗಿ ವಾಪಸ್ ಬರುವುದು, ಒಟ್ಟು 12 ಕಿ.ಮೀ.

ಓಟದ ಪೋಸ್ಟರಿನಲ್ಲಿ ತನ್ಮಯಿ ಹಸಿರು ಲಂಗ ತೊಟ್ಟು ನಿಂತು ನಗುತ್ತಿರುವ ಫೋಟೋ ಇದೆ. ಆ ಫೋಟೋ ತೆಗೆಯುವಾಗಲೇ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಹಿಂದಿನಿಂದ ನಾನು ಅವಳ ಸೊಂಟ ಹಿಡಿದುಕೊಂಡಿದ್ದೆ. ಪೋಸ್ಟರ್ ಮಾಡಿಸುವಾಗ ನನ್ನ ಕೈ ಕಾಣದಂತೆ ಅಳಿಸಿ ಹಾಕಿಸಿದೆವು. ಕೆಳಗೆ ‘ತನ್ಮಯಿಗಾಗಿ ಓಡೋಣ’ ಎಂದಷ್ಟೇ ಇದೆ, ತೀರಿಕೊಂಡ ತಾರೀಖು ಹಾಕಿಸಿಲ್ಲ.

ದಿನಾಂಕ 06-11-2004, ಶನಿವಾರ, ಸಂಜೆ ಸುಮಾರು 4-30 ಗಂಟೆಗೆ ರಾಮಣ್ಣನವರು ಮಗಳು ಭವ್ಯಶ್ರೀಯನ್ನು ಬೆನ್ನ ಮೇಲೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಆ ದಿನದವರೆಗೆ ಅವರ ಪರಿಚಯ ನನಗಿರಲಿಲ್ಲ. ಮಗುವಿಗೆ 9 ವರ್ಷ. ಕಾಲುಗಳು ತಂದೆಯ ಸೊಂಟದ ಎರಡೂ ಕಡೆ ಜೋತು ಬಿದ್ದಿದ್ದವು. ಯಾವ ಕಾಯಿಲೆಯೆಂದು ನಾನು ಕೇಳಬೇಕಾಗಲಿಲ್ಲ. ಓಡಿದವರಿಗೆ ಕಾಲಿನ ಔಷಧಿ ಕೊಡುತ್ತಾರಂತೆ, ತಾನೂ ಓಡುತ್ತೇನೆ, ಹೆಸರು ಬರೆದುಕೊಳ್ಳಿ ಎಂದು ರಾಮಣ್ಣನವರು ಹೇಳಿದರು. ಹಣವನ್ನು ಔಷಧಿ ಹುಡುಕುವವರಿಗೆ ಕಳಿಸುತ್ತೇವೆ, ಅವರು ಹುಡುಕುತ್ತಿದ್ದಾರೆ ಎಂದು ನಾನು ತಿಳಿಸಿದೆ. ಅದು ಅವರಿಗೆ ಹೇಗೆ ಅರ್ಥವಾಯಿತೋ ನಾನು ವಿಚಾರಿಸಲಿಲ್ಲ.

ನಂತರ ಅವರು ಗೋಡೆಯ ಮೇಲಿದ್ದ ಪೋಸ್ಟರ್ ನೋಡಿ, “ಈ ಮಗೀಗೂ ಇದೇ ಕಾಯ್ಲೆ ಇತ್ತಂತಲ್ಲ ಮೇಡಮ್ಮೋರೆ? ಈಗ ಚೆಂದಾಗವ್ಳಾ?” ಎಂದು ಕೇಳಿದರು. ಆಗ ಭವ್ಯಶ್ರೀ ತಂದೆಯ ಭುಜದ ಮೇಲಿಂದ ಕತ್ತು ಚಾಚಿ ಫೋಟೋ ನೋಡುತ್ತಿದ್ದಳು. ನಾನು “ಹೂಂ, ಚೆನ್ನಾಗಿದ್ದಾಳೆ” ಎಂದೆ. ರಾಮಣ್ಣನವರು ಮಗಳಿಗೆ, “ನೋಡ್ದಾ? ನಾನೇಳ್ನಿಲ್ವಾ?” ಎಂದರು. ಅವರಿಗೆ ಎದೆಗೆ ಕಟ್ಟಿಕೊಳ್ಳುವ 61ನೇ ನಂಬರಿನ ಬಟ್ಟೆ ಕೊಟ್ಟು ಕಳಿಸಿದೆ.

ದಿನಾಂಕ 14-11-2004, ಭಾನುವಾರ, ಬೆಳಿಗ್ಗೆ 7-00 ಗಂಟೆಗೆ 86 ಜನರೊಂದಿಗೆ ಓಟ ಆರಂಭವಾಯಿತು. ರಾಮಣ್ಣನವರು ಖಾಕಿ ಚಡ್ಡಿ, ಬಿಳಿ ಬನಿಯನ್ ತೊಟ್ಟು ಬರಿಗಾಲಿನಲ್ಲಿದ್ದರು. ಅವರ ಹೆಂಡತಿ ಪುಟ್ಟತಾಯಮ್ಮ ಮಗಳನ್ನು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು. ಮೋಟಾರ್ ಸೈಕಲ್ಲಿನಲ್ಲಿ ಜೊತೆಗೆ ಹೋಗಿದ್ದ ದೇವರಾಜ್ 4ನೇ ಕಿ.ಮೀ. ಬಳಿ, ಇಷ್ಟು ಜೋರಾಗಿ ಓಡಿದರೆ ಬಿದ್ದುಹೋಗುತ್ತೀರಿ, ನಿಧಾನಿಸಿ ಎಂದಿದ್ದಕ್ಕೆ, “ಮೊದ್ಲು ಬಂದೋರ್ಗೇ ಅಲ್ವಾ ಸಾ ಕೊಡೋದು? ಮುಗ್ದೋದ್ರೆ?” ಎಂದರಂತೆ. ಏನು ಮುಗಿದುಹೋಗುವುದೆಂದು ದೇವರಾಜ್‌ಗೆ ಗೊತ್ತಾಗಲಿಲ್ಲವಂತೆ. ಇದನ್ನು ಅವರು ನನಗೆ ಹೇಳಿದ್ದು ಸಂಜೆ.

8-07ಕ್ಕೆ ರಾಮಣ್ಣನವರು ಆರನೆಯವರಾಗಿ ಮೈದಾನಕ್ಕೆ ಬಂದರು. ಬಲ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. ನೇರವಾಗಿ ನನ್ನ ಬಳಿ ಬಂದು, “ಆ ಮಗು ಎಲ್ಲವ್ಳೆ ಮೇಡಮ್ಮೋರೆ? ಒಂದ್ಕಿತ ಕರ್ಸಿ. ನಮ್ಮುಡ್ಗಿ ಅವ್ಳು ನಡ್ಯಾದ ನೋಡ್ಬೇಕಂತೆ” ಎಂದರು. ಔಷಧಿಯನ್ನು ಮೊದಲು ಕೇಳಲಿಲ್ಲ.

ನಾನು ಅವರನ್ನು ಶಾಮಿಯಾನದಿಂದ ಸುಮಾರು 20 ಅಡಿ ದೂರ, ಪೋಸ್ಟರ್ ಕಟ್ಟಿದ್ದ ಕಂಬದ ಹತ್ತಿರ ಕರೆದುಕೊಂಡು ಹೋಗಿ, ತನ್ಮಯಿ ತೀರಿಕೊಂಡು ಐದು ವರ್ಷವಾಯಿತು, ಔಷಧಿ ಇನ್ನೂ ಸಿಕ್ಕಿಲ್ಲ ಎಂದು ತಿಳಿಸಿದೆ. ಅವರು, “ಇಲ್ಲಿ ನಿಂತವ್ಳಲ್ಲವ್ವಾ” ಎಂದರು. ಹಿಂದಿನಿಂದ ನಾನು ಹಿಡಿದುಕೊಂಡಿದ್ದೆ ಎಂದು ಹೇಳಿದೆ. ಅವರು ಫೋಟೋದಲ್ಲಿ ಅವಳ ಸೊಂಟದ ಹತ್ತಿರ ಬೆರಳಿಟ್ಟು ಸ್ವಲ್ಪ ಹೊತ್ತು ಹುಡುಕಿದರು. ನನ್ನ ಮೇಲೆ ಕೂಗಾಡಲಿಲ್ಲ.

ಔಷಧಿ ಹುಡುಕುವವರು ಇರುವುದೆಲ್ಲಿ ಎಂದು ಕೇಳಿದರು. ಬೆಂಗಳೂರಿನಲ್ಲಿ ಎಂದೆ. “ಅವ್ರಿಗೆ ಅರ್ಜೆಂಟು ಅಂತ ಯಾರೂ ಏಳಿಲ್ವಾ?” ಎಂದು ಕೇಳಿದರು. 8-20ರ ಸುಮಾರಿಗೆ ಅವರು ತಿರುಗಿ ಮೈದಾನದ ಗೇಟಿನಿಂದ ಅರಕಲಗೂಡು ರಸ್ತೆಗೆ ಓಡುತ್ತಲೇ ಹೋದರು. ಹೆಂಡತಿ ಮಗಳ ಕಡೆ ನೋಡಲಿಲ್ಲ. ಇನ್ನೂ ಓಡಿ ಬರುತ್ತಿದ್ದವರು ಎದುರಾಗಿ, ಅಣ್ಣ, ಓಟ ಮುಗಿಯಿತು, ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದ್ದು ನನಗೂ ಕೇಳಿಸಿತು. ದೇವರಾಜ್, ಬೇಜಾರಾಗಿ ಹೋಗಿದ್ದಾರೆ, ಬರುತ್ತಾರೆ ಬಿಡಿ ಎಂದರು. ನಾನು ವೇದಿಕೆಗೆ ಹೋಗಿ 9-30ರವರೆಗೆ ಬಹುಮಾನ ಹಂಚಿದೆ. ಅಷ್ಟರಲ್ಲಿ ಅವರ ಹೆಂಡತಿ ಎರಡು ಸಲ ಬಂದು, ಯಜಮಾನರು ಎಲ್ಲಿ ಎಂದು ಕೇಳಿದ್ದರು. ಆಮೇಲೆ ದೇವರಾಜ್ ಆ ರಸ್ತೆಯಲ್ಲಿ 15 ಕಿ.ಮೀ.ವರೆಗೆ ಹೋಗಿ ಹುಡುಕಿದರೂ ಸಿಗಲಿಲ್ಲ. ಮರುದಿನ ಪುಟ್ಟತಾಯಮ್ಮನವರು ಠಾಣೆಗೆ ದೂರು ಕೊಟ್ಟರು.

ದಿನಾಂಕ 16ರಂದು ನಾನು ಮತ್ತು ದೇವರಾಜ್ ಅರಕಲಗೂಡಿಗೆ ಹೋಗಿ ವಿಚಾರಿಸಿದಾಗ, ಬಸ್ ನಿಲ್ದಾಣದ ಬಳಿ ಟೀ ಅಂಗಡಿ ಇಟ್ಟಿರುವ ಪಾಲಾಕ್ಷ ಎಂಬುವರು, ಭಾನುವಾರ ಮಧ್ಯಾಹ್ನ 1-15ರ ಸುಮಾರಿಗೆ ಎದೆಯ ಮೇಲೆ ನಂಬರ್ ಇದ್ದ ಒಬ್ಬರು ಬಂದು ಎರಡು ಲೋಟ ನೀರು ಕುಡಿದು ಬೆಂಗಳೂರು ರಸ್ತೆ ಯಾವುದೆಂದು ಕೇಳಿದರು, “ನೀನು ಉಲ್ಟಾ ಬಂದಿದ್ದೀಯ ಕಣಯ್ಯ, ಚನ್ನರಾಯಪಟ್ಟಣದ ಮೇಲೆ ಓಗ್ಬೇಕು” ಎಂದಿದ್ದಕ್ಕೆ ಬಂದ ದಾರಿಯಲ್ಲೇ ಓಡಿಹೋದರು ಎಂದು ತಿಳಿಸಿದರು. ಬಸ್ಸಿನಲ್ಲಿ ಹೋಗು ಎಂದರೂ ಕೇಳಲಿಲ್ಲವಂತೆ. ದಿನಾಂಕ 18ರಂದು, ಚನ್ನರಾಯಪಟ್ಟಣ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಹಾರಿಹೋಗದಂತೆ ಕಲ್ಲು ಹೇರಿಟ್ಟು, ಪೊಲೀಸರಿಗೆ ಸಿಕ್ಕಿದ್ದ ನಂಬರಿನ ಬಟ್ಟೆಯನ್ನು ಠಾಣೆಯಲ್ಲಿ ನನಗೆ ತೋರಿಸಲಾಯಿತು. ಅದನ್ನು ನಾಲ್ಕು ಮಡಿಕೆ ಮಾಡಲಾಗಿತ್ತು. ಅದು ನಾನೇ ಕೊಟ್ಟ 61ನೇ ನಂಬರ್ ಎಂದು ಗುರುತಿಸಿದ್ದೇನೆ. ಅಲ್ಲಿಂದ ಮುಂದೆ ಅವರನ್ನು ಕಂಡವರು ಯಾರೂ ಸಿಕ್ಕಿಲ್ಲ.

ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಬೆಳಿಗ್ಗೆ ಬರಿಗಾಲಿನ ಸದ್ದು ಕೇಳಿದರೆ ಎದ್ದು ಬಾಗಿಲು ತೆಗೆಯುತ್ತೇನೆ. ಹಾಲಿನವರು ಇರುತ್ತಾರೆ.

ದಿನಾಂಕ 21, ಭಾನುವಾರ, ಬೆಳಿಗ್ಗೆ 10-00 ಗಂಟೆಗೆ ನಾನು ಹರದನಹಳ್ಳಿಗೆ ಹೋಗಿ, ತನ್ಮಯಿ ಬದುಕಿದ್ದಾಳೆಂದು ಸುಳ್ಳು ಹೇಳಿದವಳು ನಾನೇ ಎಂದು ಪುಟ್ಟತಾಯಮ್ಮನವರಿಗೆ ತಿಳಿಸಿದೆ. ಅವರು ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಮಗಳು ನಿದ್ದೆಯಲ್ಲಿದ್ದಳು. ಅವರು ಕೈ ನಿಲ್ಲಿಸದೆ, “ನಂಗೊತ್ತಿತ್ತು ಕಣವ್ವ. ಓಟಕ್ಕೆ ಮುಂಚಿನ್ ಸೋಮಾರ್ವೇ ಮಿಲ್ಲಿಗೆ ರಾಗಿ ಬೀಸ್ಸಕ್ ಓದಾಗ ಮಿಲ್ಲಿನ ಗಂಗಯ್ಯ ಏಳ್ದ, ಆ ಉಡ್ಗಿ ಸತ್ತೋಗವ್ಳೆ ಅಂತ. ನಮ್ಮೆಜ್ಮಾನ್ರಿಗೆ ಏಳ್ನಿಲ್ಲ. ದಿನಾ ವತಾರೇಲಿ ಕೆರೆ ಏರಿ ಮ್ಯಾಲೆ ಓಡಿ ಬಂದು ಮಗೀನ ಎತ್ಕಂಡು ಕುಣಿಯೋರು. ಎಂಟು ದಿನ ಮನೇಲಿ ನಗು ಇತ್ತು. ಅದ್ನ ಎಂಗವ್ವ ಕಿತ್ಕಳ್ಳಿ?” ಎಂದರು. ನನಗೆ ಕುಡಿಯಲು ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಕಾಣೆಯಾದ ವಿಷಯದಲ್ಲಿ ಯಾರ ಮೇಲೂ ಅನುಮಾನವಿಲ್ಲವೆಂದು ಪುಟ್ಟತಾಯಮ್ಮನವರು ತಮ್ಮ ದೂರಿನಲ್ಲಿ ಬರೆಸಿದ್ದಾರೆಂದು ಅಧಿಕಾರಿಗಳು ಈಗ ಓದಿ ಹೇಳಿದರು. ನನ್ನ ಹೇಳಿಕೆಯಲ್ಲಿಯೂ ಹಾಗೆಯೇ ಬರೆಯಬಹುದೇ ಎಂದು ಕೇಳಿದರು. ಹಾಗೆ ಬರೆಯಬಾರದೆಂದು ಕೋರಿದ್ದೇನೆ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಹೊಳೆನರಸೀಪುರ
ದಿನಾಂಕ: 23-11-2004
ಸಹಿ: ಪ್ರಿಯಂವದಾ ಎನ್.