ಸುಮ್ಮನೆ ಹೊಗಳಿದ್ದು ಅಮ್ಮಾ

ಹಲೋ… ಹಲೋ, ಯಾರಮ್ಮಾ ಮಾತಾಡ್ತಿರೋದು?…

ಈಜುಕೊಳದಿಂದಲಾ? ಇದು ದರ್ಜಿ ಮನೆ, ತಾಯಿ. ನಂಬರ್ ತಪ್ಪಿರ್ಬೇಕು…

ಹಾಂ, ದರ್ಜಿ ತಾತ ನಾನೇ. ಏನಾಗ್ಬೇಕಿತ್ತು?…

ನಾಳೆ ಬೆಳಿಗ್ಗೆ ಕ್ಲಾಸಾ? ಯಾರಿಗೆ?… ನನಗಾ?…

ನಾನು ಯಾವಾಗ ಸೇರಿದೆ?… ಮೊನ್ನೆ ನಿಮ್ಮ ಗೇಟಿನ ಹತ್ರ ನಿಂತು ನಾನೇ ಹೇಳಿದ್ನಾ? ಏನಂತ?…

ಓ, "ಸೈನ್ ಮಿ ಅಪ್" ಅಂದಿದ್ದಾ. ಅದು ಹೆಸರು ಬರ್ಕೊಳ್ಳಿ ಅಂತಲ್ಲ, ಸುಮ್ಮನೆ ಹೊಗಳಿದ್ದು ಅಮ್ಮಾ. ಮಕ್ಕಳೆಲ್ಲ ಬಾತುಕೋಳಿ ಹಾಗೆ ತೇಲ್ತಿದ್ರಲ್ಲ, ನೋಡೋಕೆ ಚೆನ್ನಾಗಿತ್ತು, ಅಂದೆ. ಇನ್ಮೇಲೆ "ಭೇಷ್" ಅನ್ಬೇಡಿ ತಾತ, ಹಳೇದಾಯ್ತು, ಇಷ್ಟವಾದ್ರೆ ಹೀಗನ್ನಿ ಅಂತ ಮೊಮ್ಮಗಳು ಕಲಿಸಿದ್ಲು…

ನಂಬರ್ ಕೊಟ್ಟಿದ್ದೂ ಅವಳೇನಾ? ಕಳ್ಳಿ…

ಎಲ್ಲಾ ಕಡೆ ಅಂತೀನಮ್ಮ. ಬೇಕರಿಯಲ್ಲಿ ಬಿಸಿ ಬನ್ನು ನೋಡಿ ಅಂದೆ, ಅವನು ಹಾಗಾದ್ರೆ ಹಿಟ್ಟು ನಾದೋಕೆ ಬನ್ನಿ ಅಂದ. ಪ್ರಾರ್ಥನೆಯಲ್ಲಿ ಗುರುಗಳು, ಪುಣ್ಯವಂತರಿಗೆ ಮೇಲೆ ಜಾಗ ಇದೆ ಅಂದಾಗಲೂ ಅಂದೆ. ಗಟ್ಟಿಯಾಗೇ ಅಂದೆ. ಮಗಳು ತೊಡೆ ಚಿವುಟಿದ್ಲು. "ಅಪ್" ಅಂದ್ರೆ ಮೇಲೆ ತಾನೇ?…

ನಗಬೇಡಿ. ನಮ್ಮನೆಯವಳು ಹೋದ ತಿಂಗಳು ಮೇಲೆ ಹೋದ್ಲು. ಸೈನೂ ಇಲ್ಲ ಗೀನೂ ಇಲ್ಲ, ನನಗೊಂದು ಮಾತೂ ಹೇಳ್ಲಿಲ್ಲ…

ಪರವಾಗಿಲ್ಲ ಬಿಡಿ, ನಿಮಗೆ ಹೇಗೆ ಗೊತ್ತಾಗ್ಬೇಕು. ಬೆಳಗಾದ್ರೆ ಮನೇಲಿ ಕೂರೋಕಾಗಲ್ಲ, ಅದಕ್ಕೇ ನಿಮ್ಮ ಗೇಟಿನ ತನಕ ನಡೀತೀನಿ. ಆದ್ರೆ ನಡೆಯೋದೇ ಬೇರೆ, ಮುಳುಗೋದೇ ಬೇರೆ. ಬಕೆಟ್ಟಿನ ಆಳ ನೋಡ್ಕೊಂಡು ಸ್ನಾನ ಮಾಡೋ ಗಂಡ ಅಂತ ಅವಳು ಊರೆಲ್ಲ ಸಾರಿದ್ದಳು…

ಬೇರೆಯವರು ಕಾಯ್ತಿದಾರಾ? ನನ್ನ ಜಾಗ ಅವರಿಗೇ ಕೊಟ್ಬಿಡಿ. ನನ್ನ ಹೆಸರು ಹೊಡೆದುಹಾಕಿ…

ಏನಂದ್ರಿ? ಮೊದಲನೇ ದಿನ ಈಜೋದೇ ಇಲ್ವಾ? ಮತ್ತೇನು ಮಾಡೋದು?…

ಅಂಗಾತ ಮಲಗೋದಾ? ನೀರಿನ ಮೇಲಾ?… ನೀವು ಬೆನ್ನಿಗೆ ಕೈ ಕೊಟ್ಟಿರ್ತೀರಾ, ನಾನು ಮೇಲೆ ನೋಡ್ತಿದ್ರೆ ಸಾಕಾ?…

ಅಲ್ಲಿ ಚಾವಣಿ ಇಲ್ಲ, ಅಲ್ವಾ? ಬರೀ ಆಕಾಶಾನೇ?…

ಅಮ್ಮಾ, ಏನೋ ಯೋಚನೆ ಬಂತು… ಹಾಗೆ ಮಲಗಿದ್ರೆ ಅವಳ ಹತ್ರ ಎರಡು ಮಾತಾಡ್ಬಹುದಲ್ವಾ ಅಂತ. ಬಾಯಿ ತೆರೆದ್ರೆ ನೀರು ಹೋಗುತ್ತಾ?…

ಸರಿ, ಮನಸ್ಸಲ್ಲೇ ಮಾತಾಡ್ತೀನಿ. ದೇವರ ಹತ್ರಾನೂ ಹಾಗೇ ತಾನೇ ಮಾತಾಡೋದು…

ಈಜೋ ಚಡ್ಡಿ ಕೊಳ್ಬೇಕಾ? ಊರಿಗೆಲ್ಲ ಪ್ಯಾಂಟು ಹೊಲಿದವನು ನಾನು. ಇವತ್ತೇ ಹೊಲ್ಕೋತೀನಿ. ಜೇಬು ಎಷ್ಟು ಇಡ್ಲಿ?…

ಒಂದೂ ಬೇಡ್ವಾ. ಆಗ್ಲಿ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು…

ಹಲೋ?… ಧ್ವನಿ ಒಡೀತಿದೆ… ಏನು, ನನ್ನ ಹೆಸರು ಆಗ್ಲೇ ಹೊಡೆದುಹಾಕಿದ್ರಾ? ಬೇಡಮ್ಮಾ, ವಾಪಸ್ ಬರೀರಿ. ಮೊನ್ನೆ ಹೊಗಳಿದ್ದು, ಇವತ್ತು ನಿಜಕ್ಕೂ ಹೇಳ್ತಿದೀನಿ, ಕೇಳಿಸ್ತಾ?… ಸೈನ್ ಮಿ…