ಜಾಕಿನ ಒಂಬತ್ತು ಅಂಗುಲ

ಭಾನುವಾರ ಮಧ್ಯಾಹ್ನ ಹಿಡಿದ ಮಳೆ ನಾಲ್ಕು ಗಂಟೆಯಾದರೂ ಬಿಟ್ಟಿರಲಿಲ್ಲ. ಪುಟ್ಟ ರೈಲುಗಳ ಮಾದರಿ ಕಟ್ಟುವ ನಮ್ಮ ಸಂಘದ ಕೋಣೆಯಲ್ಲಿ ಅಂಟಿನ ವಾಸನೆ. ಮೇಜಿನ ಮೇಲೆ ಅರ್ಧ ಮುಗಿದ ಹಿತ್ತಾಳೆಯ ರೈಲ್‌ಕಾರು. ಹಳೆಯ ಎರಡು ಫೋಟೊಗಳಲ್ಲಿದ್ದ ಬಾಗಿಲಿನ ಎತ್ತರವನ್ನು ಆಧಾರವಾಗಿಟ್ಟುಕೊಂಡು ಉಳಿದ ಅಳತೆಗಳನ್ನೆಲ್ಲ ನಾನೇ ಲೆಕ್ಕ ಹಾಕಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅದು ಕಷ್ಟವಲ್ಲ. ಗಾಡಿಯ ಹೊಟ್ಟೆಯ ಕೆಳಗಿನ ಜಾಕ್ ಎಲ್ಲಿತ್ತೆಂಬುದು ಮಾತ್ರ ಯಾವ ಫೋಟೊದಲ್ಲೂ ಕಾಣುತ್ತಿರಲಿಲ್ಲ. ಅದಕ್ಕೇ ನಮ್ಮ ಸಂಘದವರೇ ಆದ ಹಲ್ಲಿನ ಡಾಕ್ಟರು ರೈಲು ಕಾರ್ಖಾನೆಯ ನಕ್ಷೆ ಕೋಣೆಯಲ್ಲಿ ನಲವತ್ತು ವರ್ಷ ದುಡಿದ ತಾತರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರು.

ತಾತ ಮಾದರಿಯನ್ನು ಮಗುಚಿ ನೋಡಿ, ಸತ್ತ ಇಲಿಯನ್ನು ಇಡುವಂತೆ ಕೆಳಗಿಟ್ಟರು.

“ಜಾಕ್ ನಟ್ಟನಡುವೆ ಇಟ್ಟಿದ್ದೀರಲ್ಲ, ಯಾವ ಬುದ್ಧಿವಂತನ ಕೆಲಸ?”

“ನಂದೇ ತಾತ. ಅಂದಾಜು ಮಾಡಿದ್ದು.”

“ಮೇಷ್ಟ್ರಲ್ವಾ, ಅದಕ್ಕೇ! ಕೂತ್ಕೊಳ್ಳಿ, ಮಳೆ ಹೇಗೂ ಬಿಡಲ್ಲ...

“ಇಂಥ ಗಾಡಿ ನಾವು ಕಟ್ಟಿದ್ದು ಒಂದೇ ಒಂದು. ಬಸ್ಸಿನ ಮೈ, ರೈಲಿನ ಚಕ್ರ, ಮೂತಿ ಕಡೆ ಇಂಜಿನ್ನು, ಓಡಿಸೋದೂ ಆ ಕಡೆಯಿಂದ ಮಾತ್ರ. ಹಳಿ ಮುಗಿದ ಕಡೆ ತಿರುಗಿಸೋದು ಹೇಗೆ? ಹೊಟ್ಟೆ ಕೆಳಗಿನ ಜಾಕ್ ಇಳಿಸಿದ್ರೆ ಇಡೀ ಗಾಡಿ ಒಂಟಿಕಾಲಲ್ಲಿ ಎದ್ದು ನಿಲ್ಲುತ್ತೆ, ನಾಲ್ಕು ಜನ ತಳ್ಳಿ ತಿರುಗಿಸ್ಬೇಕು. ನಮ್ಮ ಸಾಹೇಬನ ತಲೆಗೆ ಹೊಳೆದದ್ದು. ಪೆನ್ಸಿಲ್ ಚೂಪು ಮಾಡೋಕೂ ಆಳು ಬೇಕಿತ್ತು ಆ ಮಹಾನುಭಾವನಿಗೆ!

“ನಕ್ಷೆ ಬರೆದವನು ಗೆರೆಯಪ್ಪ. ನಾವಿಟ್ಟ ಅಡ್ಡಹೆಸರು. ದಿನಕ್ಕೆ ನಾಲ್ಕು ಮಾತು, ನಾನೂರು ಗೆರೆ. ಅವನು ತೂಕ ಲೆಕ್ಕ ಹಾಕಿ, ಜಾಕನ್ನ ನಡುವಿನಿಂದ ಒಂಬತ್ತು ಅಂಗುಲ ಇಂಜಿನ್ ಕಡೆಗೆ ಬರೆದ. ಸಾಹೇಬ ನೋಡಿ, ‘ಇದೇನೋ ಸೊಟ್ಟಗಿದೆ’ ಅಂದು, ಬ್ಲೇಡ್ ತಗೊಂಡು ಆ ಅಂಕಿ ಕೆರೆದು, ಜಾಕನ್ನ ನಡುವಿಗೆ ತಂದ. ನಾನು ಅಲ್ಲೇ ನಿಂತು ನೋಡ್ತಿದ್ದೆ...

“ಮೊದಲ ಸಲ ತಿರುಗಿಸೋವಾಗ ದೊಡ್ಡ ದೊಡ್ಡವರೆಲ್ಲ ಬಂದಿದ್ರು. ಗಾಡಿ ಎದ್ದಿತು, ಚಪ್ಪಾಳೆ ಬಿತ್ತು, ಮೂತಿ ಮುಗ್ಗರಿಸ್ತು. ತಡೀತೀನಿ ಅಂತ ಎರಡೂ ಕೈ ಕೊಟ್ಟವನು ಯಾರು? ಗೆರೆಯಪ್ಪ. ಅದರಡಿಗೇ ಹೋದ.

“ವಿಚಾರಣೆಯಲ್ಲಿ ಸಾಹೇಬ ಏನಂದ ಗೊತ್ತಾ? ‘ನಕ್ಷೆ ಅವನದು, ಸಹಿ ಅವನದು, ತಪ್ಪೂ ಅವನದೇ.’ ನನ್ನನ್ನ ಕೇಳಿದ್ರು, ಯಾರಾದ್ರೂ ತಿದ್ದಿದ್ದು ನೋಡಿದ್ಯಾ ಅಂತ. ಅವನ ಹೆಂಡತಿ ಎದುರಿಗೇ ಕೂತಿದ್ಲು. ನಾನು... ‘ಇಲ್ಲ ಸಾರ್’ ಅಂದೆ. ಸತ್ತವನಿಗೆ ಉಳಿದಿದ್ದು ಒಳ್ಳೆ ಹೆಸರೊಂದೇ. ಅದನ್ನೂ ಹೂತೆ.

“ಆಮೇಲೊಬ್ಬ ವಕೀಲ ಬಂದ, ನಿಮ್ಮ ಹಾಗೇ ಆಟಿಕೆ ಕಟ್ಟೋವನು, ಈ ಗಾಡಿ ನಕ್ಷೆ ಬೇಕು ಅಂದ. ಮೂಲ ನಕ್ಷೆ ಯಂತ್ರಕ್ಕೆ ಕೊಟ್ಟು ನೀಲಿ ಪ್ರತಿ ತೆಗೆದೆ. ಮೂಲದಲ್ಲಿ ಜಾಕ್ ನಡುವೆ. ಪ್ರತಿಯಲ್ಲಿ? ಒಂಬತ್ತು ಅಂಗುಲ ಮುಂದೆ! ಗೆರೆಯಪ್ಪನದೇ ಅಕ್ಷರ. ಇನ್ನೊಂದು ತೆಗೆದೆ, ಅದೂ ಹಾಗೇ. ನಕ್ಷೆಯ ಮೂಲೆಯಲ್ಲಿ ‘ತಿದ್ದಿದವರು’ ಅನ್ನೋ ಖಾಲಿ ಚೌಕದಲ್ಲಿ ಸಾಹೇಬನ ಹೆಸರಿನ ಮೊದಲ ಅಕ್ಷರ. ಎರಡನ್ನೂ ವಕೀಲನ ಮುಂದೆ ಹಿಡಿದೆ. ವಕೀಲ ಏನ್ ಕೇಳಿದ ಹೇಳಿ? ಕಿಟಕಿ ಎಂಟಾ, ಒಂಬತ್ತಾ ಅಂತ!

“ನಿಮ್ಮಂಥೋರು ಬರ್ತಾನೇ ಇದ್ರು. ಪ್ರತಿ ತೆಗೆದಾಗೆಲ್ಲ ಒಂದೊಂದು ಅಕ್ಷರ ಜಾಸ್ತಿ. ಹೆಸರು ಪೂರ್ತಿಯಾದ ದಿನ ಸಾಹೇಬ ಗ್ಯಾರೇಜಲ್ಲಿ ತನ್ನ ಕಾರಿನಡಿ ಹೆಣವಾಗಿ ಸಿಕ್ಕ. ಏನೋ ನೋಡೋಕೆ ಬಗ್ಗಿದ್ನಂತೆ, ಜಾಕ್ ಜಾರ್ತಂತೆ. ಪೀಡೆ ಕಳೀತು ಅಂದ್ಕೊಂಡೆ. ಮುಂದಿನ ಪ್ರತಿಯಲ್ಲಿ ಕೆಳಗೆ ಇನ್ನೊಂದು ಚೌಕ ಬಂತು, ಮೂಲದಲ್ಲಿ ಇಲ್ಲದ್ದು. ‘ನೋಡಿದವರು’ ಅಂತ. ಅದರಲ್ಲಿ ನನ್ನ ಹೆಸರು ಶುರುವಾಗಿತ್ತು... ನಾನು ನಿವೃತ್ತನಾಗೋ ಹೊತ್ತಿಗೆ ಕೊನೇ ಅಕ್ಷರ ಒಂದೇ ಬಾಕಿ. ನಕ್ಷೆ ಸುಡೋಣ ಅಂತ ಎರಡು ಸಲ ಕಡ್ಡಿ ಗೀರಿದೆ. ಗೆರೆಯಪ್ಪನ ಪರವಾಗಿ ಇರೋ ಒಂದೇ ಸಾಕ್ಷಿ ಅದು. ಕೈ ಬರ್ಲಿಲ್ಲ.”

ಹಲ್ಲಿನ ಡಾಕ್ಟರು ತಮ್ಮ ಚೀಲದಿಂದ ಸುರುಳಿ ಸುತ್ತಿದ ಹಾಳೆಯೊಂದನ್ನು ಹೊರಗೆಳೆದರು.

“ತಾತ, ಈಗ ಅಲ್ಲಿ ಕೆಲಸ ಮಾಡೋ ಹುಡುಗಿ ನಿನ್ನೇನೇ ಒಂದು ಪ್ರತಿ ತೆಗೆದುಕೊಟ್ಲು. ನಾನಿನ್ನೂ ಬಿಚ್ಚಿಲ್ಲ. ಸರಿಯಾದದ್ದೋ ಅಲ್ವೋ ನೀವೇ ನೋಡಿ ಹೇಳ್ಲಿ ಅಂತ...”

ತಾತ ಸುರುಳಿಯನ್ನು ಬಿಚ್ಚದೆ ಡಾಕ್ಟರ ಕಡೆಗೇ ತಳ್ಳಿದರು. ಆಮೇಲೆ ನಕ್ಕರು.

“ಜಾಕ್ ಎಲ್ಲಿದೆ ಅಂತ ಗೆರೆಯಪ್ಪ ಅದರಲ್ಲಿ ಸರಿಯಾಗಿ ಬರೆದಿರ್ತಾನೆ, ನನ್ನ ಕೊನೇ ಅಕ್ಷರಾನೂ ಬರೆದಿರ್ತಾನೆ, ನೋಡ್ಕೊಳ್ಳಿ. ಯಾರಾದ್ರೂ ಕೇಳಿದ್ರೆ, ತಿದ್ದಿದ್ದು ನೋಡಿದವನ ಬಾಯಿಂದಲೇ ಕೇಳಿದ್ವಿ ಅಂತ ಹೇಳಿ. ನನ್ನ ಹಾಗೆ ನುಂಗಬೇಡಿ. ಡಾಕ್ಟ್ರೇ, ನನ್ನನ್ನ ಮನೆಗೆ ಬಿಡೋ ತೊಂದರೆ ತಗೋಬೇಡಿ, ನಿಮ್ಮ ಕಾರು ಅವನು ನೋಡಿರ್ತಾನೆ. ಈ ಮಳೆಯಲ್ಲಿ ನಾನು ನಡೆದೇ ಹೋಗ್ತೀನಿ... ಹೋದಷ್ಟು ದೂರ.”