ತಂಡವಿಲ್ಲದ ಆರು ವರ್ಷ

ಅಧ್ಯಕ್ಷತೆ ವಹಿಸಿರುವ ಹಯಾಚಿ ತಕ್ಕಡಿ ಕಾರ್ಖಾನೆಯ ನಿರ್ದೇಶಕರಾದ ಕಮೇಯಾಮಾ ಅವರೇ, ನಗರಸಭೆಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಯಾಮಾದಾ ಕೊಲ್ಲಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿರುವ ಎಯಿಕಿಚಿ ಓನೊದೆರಾ ಅವರೇ, ತಾಯಂದಿರ ಬ್ಯಾಡ್ಮಿಂಟನ್ ಸಂಘದ ಸೋದರಿಯರೇ, ಪರೀಕ್ಷಾ ವಿಭಾಗದ ನನ್ನ ಹನ್ನೆರಡು ಮಂದಿ ಗೆಳೆಯರೇ, ಇಂದು ಆಟಕ್ಕೆ ವಿದಾಯ ಹೇಳುತ್ತಿರುವ ಚಿಜುರು ಓನೊದೆರಾ ಅವರೇ ಹಾಗೂ ನೆರೆದಿರುವ ಸಮಸ್ತ ಸಭಿಕರೇ,

ನನಗೆ ಆರು ನಿಮಿಷ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತಾಡಿದ ಇಬ್ಬರಿಗೂ ಆರಾರು ನಿಮಿಷವನ್ನೇ ಕೊಟ್ಟಿದ್ದರು ಎಂಬುದನ್ನು ತಾವು ಮರೆತಿರಲಾರಿರಿ. ಊಟದ ಡಬ್ಬಿಗಳು ಆರಿಹೋಗುತ್ತವೆ ಎಂಬ ಭಯ ಯಾರಿಗೂ ಬೇಡ. ಅವು ಬಂದಾಗಲೇ ಆರಿದ್ದವು.

ಹದಿನೈದು ವರ್ಷಗಳ ಹಿಂದೆ ಓನೊದೆರಾ ನಮ್ಮ ಕಾರ್ಖಾನೆಗೆ ಬಂದಾಗ ಅವರಿಗೆ ಹದಿನೆಂಟು. ತಂದೆ ಎಯಿಕಿಚಿ ಅವರು ಸಮುದ್ರದಲ್ಲಿ ಹಗ್ಗ ಕಟ್ಟಿ ತಿನ್ನುವ ಪಾಚಿ ಬೆಳೆಯುವವರು. ಆಗ ಕಾರ್ಖಾನೆಗೆ ತನ್ನದೇ ಮಹಿಳಾ ತಂಡವಿತ್ತು. ತಂಡದ ಹುಡುಗಿಯರು ಮಧ್ಯಾಹ್ನದವರೆಗೆ ಕೆಲಸ ಮಾಡಿ ಆಮೇಲೆ ಅಭ್ಯಾಸಕ್ಕೆ ಹೋಗುವುದು ಪದ್ಧತಿ. ಇವರನ್ನು ನನ್ನ ಪರೀಕ್ಷಾ ವಿಭಾಗಕ್ಕೆ ಹಾಕಿದರು. ತಯಾರಾದ ತಕ್ಕಡಿಯ ಮೇಲೆ ತೂಕದ ಕಲ್ಲಿಟ್ಟು ಮುಳ್ಳು ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುವ ಕೆಲಸ. ನನಗೆ ಸಿಟ್ಟು ಬಂತು. ಎಲ್ಲರೆದುರಿಗೇ ಅಂದೆ:

"ಮಧ್ಯಾಹ್ನ ಆದ್ಮೇಲೆ ಚೆಂಡಾಟಕ್ಕೆ ಓಡೋರನ್ನ ನನ್ನ ತಲೆಗೆ ಯಾಕ್ರಿ ಕಟ್ತೀರಿ?"

ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಅದು ಚೆಂಡಲ್ಲ ಸಾಹೇಬ್ರೆ. ಬಾತುಕೋಳಿ ಗರಿ."

ನನ್ನ ಮತ್ತು ಬ್ಯಾಡ್ಮಿಂಟನ್ನಿನ ಪರಿಚಯ ಆದದ್ದು ಹೀಗೆ.

ಆ ವರ್ಷವೇ ನನ್ನನ್ನು ಪ್ರೋತ್ಸಾಹಕರ ಗುಂಪಿಗೆ ಸೇರಿಸಿದರು. ಕೇಳಿ ಸೇರಿಸಿದರೇ? ಇಲ್ಲ. ಡೋಲು ಹೊರುವಷ್ಟು ಭುಜ ಅಗಲವಾಗಿದ್ದವನು ನಾನೊಬ್ಬನೇ. ಮಹಿಳೆಯರ ಡಬಲ್ಸ್ ಆಟವನ್ನು ನೋಡದವರಿಗೆ ಒಂದು ಮಾತು. ಅಲ್ಲಿ ಪಾಯಿಂಟು ಬೇಗ ಮುಗಿಯುವುದಿಲ್ಲ. ಅವರು ಹೊಡೆಯುತ್ತಾರೆ, ಇವರು ಎತ್ತುತ್ತಾರೆ. ಮತ್ತೆ ಹೊಡೆಯುತ್ತಾರೆ, ಮತ್ತೆ ಎತ್ತುತ್ತಾರೆ. ಮೊದಲ ಸಲ ನಾನು ತೂಕಡಿಸಿಬಿಟ್ಟೆ. ಎಚ್ಚರವಾದಾಗ ಅದೇ ಪಾಯಿಂಟು ನಡೆಯುತ್ತಿತ್ತು! ಆದರೆ ಎರಡನೆಯ ವರ್ಷಕ್ಕೆ ಆಟ ನೋಡುವ ಕಣ್ಣು ಬಂತು. ಓನೊದೆರಾ ಹಿಂದೆ ನಿಂತು ಹೊಡೆಯುವವರು. ಜೊತೆಗಾರ್ತಿ ಮಕಿ ಸಾವಾಗುಚಿ ಬಲೆಯ ಹತ್ತಿರ ನಿಂತು ಗರಿಯನ್ನು ನೆಲಕ್ಕೆ ಕೆಡಹುವವರು. ಒಬ್ಬರಿಗೆ ಬಾಯಿಯೇ ಇಲ್ಲ, ಇನ್ನೊಬ್ಬರಿಗೆ ಬಾಯಿ ಬಿಟ್ಟರೆ ಬೇರೇನಿಲ್ಲ. ಸಾವಾಗುಚಿ ಅವರ ಕೂಗು ನನ್ನ ಡೋಲನ್ನೂ ಮೀರಿ ಕೇಳುತ್ತಿತ್ತು: "ಚಿಜು, ಇನ್ನೊಂದು! ಸತ್ತಿಲ್ಲ ತಾನೆ? ಹಾಗಿದ್ರೆ ಇನ್ನೊಂದು!"

ಆರನೆಯ ವರ್ಷ ಅಖಿಲ ಜಪಾನ್ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ, ಏಳನೆಯ ವರ್ಷ ಮತ್ತೆ ಮೂರು. ಎಂಟನೆಯ ವರ್ಷ ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಇಬ್ಬರ ಹೆಸರೂ ಬಂತು. ಮಲೇಷ್ಯಾಕ್ಕೆ ಹೋದರು, ಡೆನ್ಮಾರ್ಕಿಗೆ ಹೋದರು. ಡೆನ್ಮಾರ್ಕಿನಿಂದ ವಿಭಾಗಕ್ಕೆಂದು ಒಂದು ಡಬ್ಬಿ ಬಿಸ್ಕತ್ತು ತಂದರು. ಎಲ್ಲರಿಗೂ ಎರಡೆರಡು ಬಂತು, ನನಗೆ ಮೂರು.

ಒಂಬತ್ತನೆಯ ವರ್ಷ ತಂಡವನ್ನು ಮುಚ್ಚಿದರು.

ಈಗ ತಾನೇ ನಿರೂಪಕರು ನನ್ನನ್ನು ಪರಿಚಯಿಸುವಾಗ "ತಂಡವನ್ನು ಉಳಿಸಲು ಒಬ್ಬರೇ ಹೋರಾಡಿದ ಒಯಿಕಾವಾ ಅವರು" ಎಂದರು. ತಾವು ಚಪ್ಪಾಳೆ ತಟ್ಟಿದಿರಿ. ನನ್ನ ಕೈಯಲ್ಲಿ ಹೆಂಡತಿ ತಿದ್ದಿಕೊಟ್ಟ ಎರಡು ಹಾಳೆ ಇವೆ. ಇನ್ನು ಮುಂದಿನದನ್ನು ಓದಲು ನನ್ನಿಂದಾಗುವುದಿಲ್ಲ. ಕ್ಷಮಿಸಿ, ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇನೆ.

ಅದನ್ನು ತೀರ್ಮಾನಿಸಿದ ಸಭೆಯಲ್ಲಿ ಐದು ಜನ ಇದ್ದೆವು. ತಂಡ ನಿಲ್ಲಿಸುವ ಪ್ರಸ್ತಾವ ಓದಿದರು. ನನ್ನ ಸರದಿ ಬಂದಾಗ ನಾನು ಹೇಳಿದ್ದು ಒಂದೇ ಮಾತು: "ಆಕ್ಷೇಪವಿಲ್ಲ."

ಯಾಕೆ ಹಾಗೆ ಹೇಳಿದೆ? ಆ ವಸಂತದಲ್ಲಿ ನನ್ನ ವಿಭಾಗದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮಾತು ಎದ್ದಿತ್ತು. ತಂಡದ ಪರ ವಾದಿಸಿದರೆ ನಾಳೆ ಈ ಹನ್ನೆರಡು ಜನರ ಪರ ವಾದಿಸಲು ನನಗೆ ಬಾಯಿ ಉಳಿಯುವುದಿಲ್ಲ ಎಂದುಕೊಂಡೆ. ಬಹಳ ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ಆದರೆ ಅಷ್ಟೇ ಅಲ್ಲ. ನಾಲ್ಕು ಜನ ಸುಮ್ಮನಿದ್ದ ಕೋಣೆಯಲ್ಲಿ ಐದನೆಯವನಾಗಿ ಬಾಯಿ ತೆರೆಯಲು ನನಗೆ ಧೈರ್ಯ ಬರಲಿಲ್ಲ.

ಇದು ತಪ್ಪು. ಆದರೆ ಇಂಥ ತಪ್ಪನ್ನು ನನ್ನ ವಯಸ್ಸಿನವರೆಲ್ಲ ಒಂದಲ್ಲ ಒಂದು ಸಭೆಯಲ್ಲಿ ಮಾಡಿಯೇ ಇರುತ್ತಾರೆ. ನಾನು ಮಾಡಿದ ದೊಡ್ಡ ತಪ್ಪು ಆಮೇಲಿನದು. ಸಭೆ ಮುಗಿಸಿ ಹೊರಬಂದಾಗ ಪಾದರಕ್ಷೆ ಇಡುವ ಗೂಡಿನ ಹತ್ತಿರ ಓನೊದೆರಾ ನಿಂತಿದ್ದರು. ಸುದ್ದಿ ಆಗಲೇ ಅವರನ್ನು ಮುಟ್ಟಿತ್ತು.

"ಬೇಡ ಅಂತ ಒಬ್ರೂ ಅನ್ಲಿಲ್ವಾ ಸಾಹೇಬ್ರೆ?" ಎಂದು ಕೇಳಿದರು.

ನಾನು ಹೇಳಿದೆ: "ನಾನಂದೆ. ತುಂಬಾ ಹೊತ್ತು ಜಗಳಾನೇ ಆಡ್ದೆ. ಕೇಳ್ಬೇಕಲ್ಲ ಅವರು."

ಓನೊದೆರಾ ಬಾಗಿ ವಂದಿಸಿದರು. ಸೊಂಟದಿಂದ ಬಾಗಿದವರು ಬಹಳ ಹೊತ್ತು ಮೇಲೇಳಲೇ ಇಲ್ಲ. ಎದ್ದಾಗ ಮುಖ ಒದ್ದೆಯಾಗಿತ್ತು.

ಆ ತಿಂಗಳೇ ಸೆಂದಾಯಿ ನಗರದ ಇನ್ನೊಂದು ಕಂಪನಿಯ ತಂಡದವರು ಇಬ್ಬರನ್ನೂ ಕರೆದರು. ಸಾವಾಗುಚಿ ಹೊರಟರು. ಗೇಟಿನ ಬಳಿ ಇಬ್ಬರೂ ನಿಂತು ಮಾತಾಡಿದ್ದು ನನ್ನ ಕಿವಿಗೆ ಬಿತ್ತು.

"ಹುಚ್ಚೇನೇ ನಿಂಗೆ? ಅಲ್ಲಿ ದಿನಾ ಆರು ಗಂಟೆ ಕೋರ್ಟು ಸಿಗತ್ತೆ. ಇಲ್ಲೇನಿದೆ, ತಕ್ಕಡಿ!"

"ಇಲ್ಲಿ ನಮಗೋಸ್ಕರ ಒಬ್ರು ಜಗಳ ಆಡಿದಾರೆ ಮಕಿ. ಅವರನ್ನ ಬಿಟ್ಟು ಹೆಂಗೆ ಬರ್ಲಿ? ನಾಳೆ ಮೇಲಿನೋರು ಅವರಿಗೇ ಅಂತಾರೆ, ನೋಡಿದ್ರಾ ನಿಮ್ಮ ಹುಡುಗೀರ ನಿಯತ್ತು ಅಂತ."

ಆಗಲಾದರೂ ಹೇಳಬಹುದಿತ್ತಲ್ಲವೇ? ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ನಾನು ಸೈಕಲ್ ಹತ್ತಿ ಮನೆಗೆ ಹೋದೆ.

ಆ ಹೊಸ ವರ್ಷಕ್ಕೆ ಯಾಮಾದಾದಿಂದ ನನಗೊಂದು ಪೆಟ್ಟಿಗೆ ಬಂತು. ಉಪ್ಪು ಹಾಕಿದ ಪಾಚಿ, ಮೇಲೊಂದು ಚೀಟಿ: "ನನ್ನ ಮಗಳ ಪರವಾಗಿ ಮಾತಾಡಿದವರಿಗೆ." ಎಯಿಕಿಚಿ ಅವರೇ, ಆರು ವರ್ಷವೂ ತಾವು ತಪ್ಪದೆ ಕಳಿಸಿದಿರಿ. ನನ್ನ ಹೆಂಡತಿ ಅದರ ಸಾರು ಮಾಡಿದಳು, ನಾನು ಉಂಡೆ.

ಓನೊದೆರಾ ಉಳಿದರು. ಪೂರ್ತಿ ದಿನದ ಕೆಲಸ, ಸಂಜೆ ನಗರದ ಕ್ರೀಡಾಂಗಣದಲ್ಲಿ ಅಭ್ಯಾಸ. ಜೊತೆಗೆ ಆಡಲು ತಾಯಂದಿರ ಸಂಘದವರು ಬಿಟ್ಟರೆ ಯಾರಿದ್ದರು? ಹಾಲಿನ ಡಿಪೋದ ಇವಾಬುಚಿ ಅವರು ಮೊದಲ ದಿನ ಏನೆಂದರೆಂದು ಅವರೇ ನನಗೆ ಹೇಳಿದ್ದಾರೆ: "ಬಾರಮ್ಮ, ನಾವು ಮೂವರು ಒಂದು ಕಡೆ, ನೀನೊಬ್ಳೇ ಒಂದು ಕಡೆ. ನಮ್ಮ ಸೊಂಟ ಉಳುಕಿದ್ರೆ ಎಣ್ಣೆ ತಿಕ್ಕೋದು ನೀನೇ." ಶನಿವಾರ ರೈಲು ಹತ್ತಿ ಸೆಂದಾಯಿಗೆ ಹೋಗಿ ಸಾವಾಗುಚಿ ಜೊತೆ ಆಡಿ ಭಾನುವಾರ ವಾಪಸು. ವಾರಕ್ಕೊಂದೂವರೆ ದಿನದ ಜೋಡಿ! ಮರುವರ್ಷ ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದರ ಮರುವರ್ಷ ಎಡ ಮಂಡಿಗೆ ಶಸ್ತ್ರಚಿಕಿತ್ಸೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಆಟಗಾರ್ತಿಯ ಆ ವಯಸ್ಸು ಏನೆಂಬುದನ್ನು ಇಲ್ಲಿರುವ ತರಬೇತುದಾರರಿಗೆ ನಾನು ಹೇಳಬೇಕಾಗಿಲ್ಲ.

ಮೂವತ್ತೊಂದರಲ್ಲಿ ಅವರು ಅಖಿಲ ಜಪಾನ್ ಗೆದ್ದರು. ಕಂಪನಿಯ ತಂಡವಿಲ್ಲದ್ದರಿಂದ ನಮ್ಮ ಬಳಿ ಬಾವುಟವಿರಲಿಲ್ಲ, ಡೋಲೂ ಇರಲಿಲ್ಲ. ಪರೀಕ್ಷಾ ವಿಭಾಗದ ಹದಿಮೂರು ಜನ ಬರಿಗೈಯಲ್ಲಿ ಕೂತಿದ್ದೆವು. ಮೂರನೆಯ ಗೇಮು ಇಪ್ಪತ್ತೊಂದು-ಇಪ್ಪತ್ತೊಂದು. ಎದುರಾಳಿಗಳಿಗೆ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಓನೊದೆರಾ ಹೊಡೆದರು, ಅವರು ಎತ್ತಿದರು. ನಾನು ನಲವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಸಾವಾಗುಚಿಯ ಬಾಯಿಯೂ ಒಣಗಿ ಕೂಗು ನಿಂತುಹೋಗಿತ್ತು. ಆಗ, ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ, ಓನೊದೆರಾ ಕೂಗಿದ್ದನ್ನು ನಾನು ಕೇಳಿದೆ: "ಮಕಿ, ಇನ್ನೊಂದು!" ಇಪ್ಪತ್ತಮೂರು-ಇಪ್ಪತ್ತೊಂದು. ಗೆದ್ದ ಮೇಲೆ ಇಬ್ಬರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಗೆದ್ದರಲ್ಲ, ಇನ್ಯಾಕೆ ಕೊರಗ್ತೀರಿ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆ ಗೆಲುವು ಅವರದು. ನನ್ನ ಸುಳ್ಳಿಗೆ ಅದರಲ್ಲಿ ಪಾಲಿಲ್ಲ. ಸೆಂದಾಯಿಗೆ ಹೋಗಿದ್ದರೆ ಇನ್ನೆಷ್ಟು ಗೆಲ್ಲುತ್ತಿದ್ದರೋ, ಯಾವ ದೇಶಕ್ಕೆ ಹೋಗುತ್ತಿದ್ದರೋ, ಅದು ಅವರಿಗೂ ತಿಳಿಯಲಾರದು, ನನಗೂ ತಿಳಿಯಲಾರದು. ತಿಳಿಯದ ಹಾಗೆ ಮಾಡಿದವನು ನಾನು.

ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಎಯಿಕಿಚಿ ಅವರೇ, ತಾವು ಏಳಬೇಡಿ, ಕೂತುಕೊಳ್ಳಿ. ಓನೊದೆರಾ ಅವರೇ, ನೀವು ನನ್ನತ್ತ ನೋಡಬೇಕಾಗಿಲ್ಲ. ಇಷ್ಟು ಜನರೆದುರು ಹೇಳಿ, ಇಷ್ಟು ಜನರೆದುರೇ ನಿಮ್ಮಿಂದ ಕ್ಷಮೆ ಗಿಟ್ಟಿಸುವ ಉಪಾಯ ಇದಲ್ಲ. ಉತ್ತರ ಇಲ್ಲಿ ಬೇಡ.

ಸೋಮವಾರದಿಂದ ಓನೊದೆರಾ ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥರು. ನಿವೃತ್ತನಾಗಿ ಮರುನೇಮಕದ ಮೇಲಿರುವ ನಾನು ಅವರ ಕೈಕೆಳಗಿನ ನೌಕರ. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವರ ಮೇಜಿನ ಮುಂದೆ ನಿಂತಿರುತ್ತೇನೆ. ಬೈಯುವುದಿದ್ದರೆ ಬೈಯಲಿ, ಬೇರೆ ವಿಭಾಗಕ್ಕೆ ಹೋಗು ಎಂದರೆ ಹೋಗುತ್ತೇನೆ, ಕಲ್ಲಿಡು ಎಂದರೆ ಕಲ್ಲಿಡುತ್ತೇನೆ. ಏನು ಕೇಳಿದರೂ ಈ ಸಲ ನನ್ನ ಬಾಯಿಂದ ನಿಜವೇ ಬರುತ್ತದೆ.

ಆರು ನಿಮಿಷ ಯಾವಾಗಲೋ ದಾಟಿತು. ತಾಳ್ಮೆಯಿಂದ ಕೇಳಿದ ತಮಗೆಲ್ಲ ನನ್ನ ವಂದನೆಗಳು. ಹದಿನೈದು ವರ್ಷ ನಮ್ಮ ಊರಿಗಾಗಿ ಆಡಿದ ಚಿಜುರು ಓನೊದೆರಾ ಅವರಿಗೆ, ತಲೆಬಾಗಿ, ನಮಸ್ಕಾರ.